ಗ್ರಾಜುಯೇಷನ್ ಪಾರ್ಟಿಗೆ ಎಷ್ಟು ಕೊಡಬೇಕು?

ಮೇ ತಿಂಗಳು ಬಂತೆಂದರೆ ನನಗೆ ಇದೇ ಪ್ರಶ್ನೆ. "ಅಕ್ಕಾ, ಮಗನ ಕ್ಲಾಸ್‌ಮೇಟ್ ಮನೇಲಿ ಗ್ರಾಜುಯೇಷನ್ ಪಾರ್ಟಿಯಂತೆ, ಎಷ್ಟು ಕೊಡ್ಬೇಕು?" ಕೇಳುವವರು ಊರಿನಿಂದ ಮಿಶಿಗನ್‌ಗೆ ಬಂದು ಒಂದೆರಡು ವರ್ಷ ಆದವರು. ನಾವು ಡೆಟ್ರಾಯಿಟ್ ಪಕ್ಕದ ನೋವೈಗೆ ಬಂದು ಹದಿಮೂರು ವರ್ಷವಾಯಿತು. ಹೋದ ಜೂನ್‌ನಲ್ಲಿ ಮಗಳ ಪಾರ್ಟಿಯನ್ನು ಮನೆಯ ಹಿತ್ತಲಿನಲ್ಲೇ ಮಾಡಿದೆವು. ಹಾಗಾಗಿ ಕೊಡುವ ಕಷ್ಟವೂ ಗೊತ್ತು, ಕರೆಯುವ ಕಷ್ಟವೂ ಗೊತ್ತು.

ಹನ್ನೆರಡನೇ ತರಗತಿ ಮುಗಿಸಿದ್ದಕ್ಕೆ ಇಷ್ಟೆಲ್ಲ ಯಾಕೆ ಎಂದು ಹಲವರಿಗೆ ಅನ್ನಿಸುತ್ತದೆ. ನಮ್ಮಲ್ಲಿ ಪಿಯುಸಿ ಆದ ಮೇಲೂ ಸಿಇಟಿ ರ‍್ಯಾಂಕು, ಕೌನ್ಸೆಲಿಂಗ್ ಅಂತ ಉಸಿರು ಬಿಗಿಹಿಡಿದೇ ಇರಬೇಕು. ಇಲ್ಲಿ ಹೆಚ್ಚಿನ ಮಕ್ಕಳಿಗೆ ಮೇ 1ರ ಹೊತ್ತಿಗೆ ಯಾವ ಕಾಲೇಜು ಅನ್ನುವುದು ತೀರ್ಮಾನವಾಗಿರುತ್ತದೆ. ಆಗಸ್ಟ್‌ನಲ್ಲಿ ಎಷ್ಟೋ ಮಕ್ಕಳು ಮನೆ ಬಿಡುತ್ತಾರೆ. ಪಾರ್ಟಿ ಅಂದರೆ ಬೀಳ್ಕೊಡುಗೆಯೂ ಹೌದು.

ಕಾರ್ಡಿನಲ್ಲಿ "ಓಪನ್ ಹೌಸ್, 2ರಿಂದ 6" ಎಂದಿದ್ದರೆ ನಾಲ್ಕು ಗಂಟೆಯೂ ಕೂರಬೇಕಿಲ್ಲ. ಒಂದೇ ಶನಿವಾರ ಮೂರ‍್ನಾಲ್ಕು ಪಾರ್ಟಿ ಇರುತ್ತವೆ. ಹೋಗಿ, ಮಗುವನ್ನು ಮಾತಾಡಿಸಿ, ಊಟ ಮಾಡಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಹೊರಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ದುಡ್ಡಿನ ವಿಷಯ. ಕ್ಲಾಸ್‌ಮೇಟ್ ಆದರೆ 25 ಡಾಲರ್, ಹತ್ತಿರದ ಸ್ನೇಹಿತರ ಮಗುವಾದರೆ 51, ನಮ್ಮ ಕಣ್ಣೆದುರೇ ಬೆಳೆದದ್ದಾದರೆ 101. ಇದು ನಮ್ಮ ಮನೆಯ ಲೆಕ್ಕ, ನಿಮ್ಮ ಕೈಲಾದಷ್ಟು ಕೊಡಿ. ಆದರೆ ಒಂದು ಮಾತು ಮಾತ್ರ ನಾನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ: ಕಾಲೇಜಿನ ಹೆಸರು ನೋಡಿ ಲಕೋಟೆ ದಪ್ಪ ಮಾಡಬೇಡಿ. ಆನ್ ಆರ್ಬರ್‌ನ ಮಿಶಿಗನ್ ಯೂನಿವರ್ಸಿಟಿಗೆ ಹೋಗುವವಳಿಗೂ ಮನೆಯಿಂದಲೇ ಕಮ್ಯುನಿಟಿ ಕಾಲೇಜಿಗೆ ಹೋಗುವವನಿಗೂ ಒಂದೇ ಕೊಡಿ. ಹದಿನೆಂಟರ ಮಕ್ಕಳು ಸೂಕ್ಷ್ಮ, ದೊಡ್ಡವರ ಮುಖ ನೋಡಿಯೇ ತಮ್ಮ ಬೆಲೆ ಎಷ್ಟೆಂದು ಅಳೆದುಕೊಳ್ಳುತ್ತಾರೆ. ಹಾಗೆಯೇ ಮುಯ್ಯಿಯ ಪುಸ್ತಕ ತೆಗೆದು "ಅವರು ನಮಗೆಷ್ಟು ಹಾಕಿದ್ದರು" ಅಂತ ಹುಡುಕುವುದೂ ಬೇಡ. ಆ ಲೆಕ್ಕ ಅಪ್ಪ ಅಮ್ಮಂದಿರ ನಡುವಿನದು, ಉಡುಗೊರೆ ಮಗುವಿಗೆ.

ಚೆಕ್ ಕೊಡುವುದಾದರೆ ಮಗುವಿನ ಪಾಸ್‌ಪೋರ್ಟಿನಲ್ಲಿರುವ ಹೆಸರು ಕೇಳಿಕೊಂಡು ಬರೆಯಿರಿ. ನಮ್ಮ ಮಕ್ಕಳಿಗೆ ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು. "ಚಿನ್ನು" ಎಂದು ಬರೆದ ಚೆಕ್ ಜಮಾ ಮಾಡುವುದು ತಲೆನೋವು. ವಸ್ತುವೇ ಕೊಡಬೇಕೆಂದರೆ ಕೇಳಿ ಕೊಡಿ. ಹಾಸ್ಟೆಲ್ ಮಂಚ ಸಾಮಾನ್ಯವಾಗಿ "ಟ್ವಿನ್ ಎಕ್ಸ್‌ಎಲ್", 80 ಇಂಚು ಉದ್ದ. ಮನೆಯ ಟ್ವಿನ್ ಹಾಸಿಗೆ 75 ಇಂಚು. ಆ ಐದು ಇಂಚು ಗೊತ್ತಿಲ್ಲದೆ ತಂದ ಬೆಡ್‌ಶೀಟ್ ಮೂಲೆಗೆ ಎಳೆದಷ್ಟೂ ಕಿತ್ತುಬರುತ್ತದೆ. ರೈಸ್ ಕುಕ್ಕರನ್ನು ಎಷ್ಟೋ ಹಾಸ್ಟೆಲ್ ರೂಮುಗಳಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ.

ಅದಕ್ಕೇ ನಾನು ದುಡ್ಡಿನ ಜೊತೆ ಒಂದು ಡಬ್ಬಿ ಗೊಜ್ಜವಲಕ್ಕಿ ಮಿಕ್ಸ್ ಕೊಡುತ್ತೇನೆ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿ, ಹುರಿದು ಪುಡಿ ಮಾಡಿದ ಹುಣಸೆಹಣ್ಣು, ಸಾರಿನ ಪುಡಿ, ಬೆಲ್ಲದ ಪುಡಿ, ಒಣಕೊಬ್ಬರಿ, ಉಪ್ಪು ಸೇರಿಸಿ, ಕಡಲೆಬೀಜ ಇಂಗಿನ ಒಗ್ಗರಣೆ ಹಾಕಿ ಚೆನ್ನಾಗಿ ಆರಿಸಬೇಕು. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು, ಒಲೆ ಬೇಡ. ಮುಚ್ಚಳದ ಮೇಲೆ ನೀರಿನ ಅಳತೆ ಬರೆದಿರುತ್ತೇನೆ.

ಪಾರ್ಟಿ ಮಾಡುವವರಿಗೂ ಎರಡು ಮಾತು. ಹಿತ್ತಲಿಗಿಂತ ಗ್ಯಾರೇಜನ್ನು ಮೊದಲು ಗುಡಿಸಿ. ಇಲ್ಲಿನ ಜೂನ್ ಮಳೆ ಹೇಳಿ ಬರುವುದಿಲ್ಲ. ಬಿಸಿಬೇಳೆಭಾತ್ ಬಿಸಿಯಾಗೇ ಇರಲಿ. ಮೊಸರನ್ನವನ್ನು ಒಂದೇ ಸಲ ಹೊರಗಿಡದೆ ಚಿಕ್ಕ ಪಾತ್ರೆಯಲ್ಲಿ ಐಸ್ ಮೇಲಿಟ್ಟು ಬದಲಾಯಿಸುತ್ತಿರಿ. ಕೆಡುವಂಥ ಅಡುಗೆಯನ್ನು ಹಾಗೇ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಸೋಡಾ ಕ್ಯಾನುಗಳಿಗೆ ಬೇರೆ ಚೀಲ ಕಟ್ಟಿ. ಮಿಶಿಗನ್‌ನಲ್ಲಿ ಖಾಲಿ ಕ್ಯಾನಿಗೆ 10 ಸೆಂಟ್ ವಾಪಸ್ ಬರುತ್ತದೆ, ಅದು ಮನೆಯ ಚಿಕ್ಕವರ ಪಾಲು.

ಮಗುವಿನ ಫೋಟೋಗಳನ್ನು ದೊಡ್ಡ ಬೋರ್ಡಿಗೆ ಅಂಟಿಸಿಡುವುದು ಇಲ್ಲಿಯ ಪದ್ಧತಿ. ನಾವು ಶೃಂಗೇರಿಯಲ್ಲಿ ಮಾಡಿಸಿದ ಅಕ್ಷರಾಭ್ಯಾಸದ ಫೋಟೋವನ್ನು ಮೊದಲಿಗೆ ಹಾಕಿದ್ದೆವು. ತಾತನ ತೊಡೆ, ಎದುರಿಗೆ ಅಕ್ಕಿ ತುಂಬಿದ ತಟ್ಟೆ. ಯಾರನ್ನು ಕರೆಯಬೇಕು ಎಂದು ಕೂತಾಗ ಮಗಳು ಹೇಳಿದ ಮೊದಲ ಹೆಸರು ಒಂದನೇ ತರಗತಿಯಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ ಟೀಚರ್‌ದು. ಆಗ ಅವಳಿಗೆ ಬಾತ್‌ರೂಮಿಗೆ ಹೋಗಬೇಕು ಎನ್ನುವುದಕ್ಕೂ ಮಾತು ಬರುತ್ತಿರಲಿಲ್ಲ. ಈಗ ನಿವೃತ್ತರಾಗಿರುವ ಅವರು ಬಂದರು, ಬೋರ್ಡಿನ ಮುಂದೆ ತುಂಬ ಹೊತ್ತು ನಿಂತರು. ಅಕ್ಕಿಯಲ್ಲಿ ಏನು ಮಾಡುತ್ತಿದ್ದೀಯ ಎಂದು ಕೇಳಿದರು. ಮಗಳು ಒಳಗಿಂದ ತಟ್ಟೆಯಲ್ಲಿ ಅಕ್ಕಿ ತಂದು, ಅವರ ಬೆರಳು ಹಿಡಿದು "ಅ" ಬರೆಸಿದಳು.