ಆಂಟಿವೈರಸ್ ಬದಲಿಸಿದ್ದಕ್ಕೆ ವಿಂಡೋಸ್ ಮುನಿಸಿಕೊಂಡರೆ

ಹೊಸ ಕೀ, ಅಂದರೆ ವಿಂಡೋಸ್ ಲೈಸೆನ್ಸಿನ ನಂಬರ್, ಕೊಳ್ಳಬೇಡಿ. ಫಾರ್ಮ್ಯಾಟ್ ಮಾಡಿಸಲೂ ಓಡಬೇಡಿ. ಆಂಟಿವೈರಸ್ ಬದಲಿಸಿದ ಮೇಲೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ಮಸುಕು ಅಕ್ಷರ ಕಾಣಿಸಿಕೊಂಡಿದ್ದರೆ, ಆ ಎರಡೂ ಕೆಲಸಕ್ಕೆ ಆಮೇಲೆ ಬೇಕಾದಷ್ಟು ಟೈಮ್ ಇದೆ. ವಿಂಡೋಸ್ 10 ಆಗಲಿ 11 ಆಗಲಿ, ಆಕ್ಟಿವೇಶನ್ (ಲೈಸೆನ್ಸ್ ಅಸಲಿ ಅಂತ ಖಾತ್ರಿ ಆಗುವುದು) ಇಲ್ಲದಿದ್ದರೆ ಫೈಲುಗಳಿಗೆ ಬೀಗ ಹಾಕುವುದಿಲ್ಲ. ವಾಲ್‌ಪೇಪರ್, ಬಣ್ಣ ಬದಲಿಸುವ ಸೆಟ್ಟಿಂಗ್ ಮುಚ್ಚುತ್ತದೆ, ಆ ಅಕ್ಷರ ಕಣ್ಣಿಗೆ ಚುಚ್ಚುತ್ತದೆ, ಅಷ್ಟೇ.

ನಮ್ಮ ಬಳಗದಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಫೋನ್ ಬರುವುದು ನನಗೆ. ಈಚೆಗೆ ಭಾವ ಫೋನ್ ಮಾಡಿದ್ದರು.

“ನೋಡಮ್ಮ, ಹಳೇ ಆಂಟಿವೈರಸ್ ಅವಧಿ ಮುಗೀತು, ತೆಗೆದು ಬೇರೆ ಕಂಪನಿಯದು ಹಾಕಿದೆ. ಈಗ ನನ್ನ ವಿಂಡೋಸೇ ಸರಿ ಇಲ್ಲ ಅಂತಿದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕೀ ಸಿಗ್ತಿದೆ, ತಗೊಂಡುಬಿಡ್ಲಾ?”

“ಸ್ವಲ್ಪ ತಡೀರಿ ಭಾವ. ಕೆಂಪು ಅಕ್ಷರದಲ್ಲಿ ಒಂದು ಕೋಡ್ ಇರುತ್ತೆ, ಮೊದಲು ಅದನ್ನು ಓದಿ ಹೇಳಿ.”

ಕೋಡ್ ಓದಿ ಅಂದರೆ ಎಲ್ಲರಿಗೂ ಬೇಜಾರು. ಆದರೆ ಈ ವಿಷಯದಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಶನ್ ಪುಟ ತೆರೆದರೆ ಸಿಗುತ್ತದೆ. ಎಲ್ಲ ಕೋಡಿಗೂ ಮುಂದೆ ‘ಸೊನ್ನೆ ಎಕ್ಸ್’ ಇರುತ್ತದೆ, ಇಲ್ಲಿ ಅದನ್ನು ಬಿಟ್ಟು ಬರೆಯುತ್ತೇನೆ. ಭಾವ ಓದಿದ್ದು ಸಿ004ಇ003. ಲೈಸೆನ್ಸ್ ಇಲ್ಲ ಅಂತ ಇದರ ಅರ್ಥ ಅಲ್ಲ. ಲೈಸೆನ್ಸ್ ಪರಿಶೀಲಿಸಲು ಹೋದೆ, ಪರಿಶೀಲನೆಯೇ ವಿಫಲವಾಯಿತು ಅಂತ. ಈ ಎರಡರ ನಡುವೆ ಇರುವ ವ್ಯತ್ಯಾಸವನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲೈಸೆನ್ಸ್ ಇರುವುದೆಲ್ಲಿ? ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ (ಚಿಪ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಒಳಗೇ ಬರೆದಿಡುತ್ತಾರೆ. ಕೀ ಟೈಪ್ ಮಾಡಬೇಕಿಲ್ಲದ ಡಿಜಿಟಲ್ ಲೈಸೆನ್ಸ್ ಆದರೆ ನಿಮ್ಮ ಹಾರ್ಡ್‌ವೇರ್ ಗುರುತು ಮೈಕ್ರೋಸಾಫ್ಟ್ ಸರ್ವರಿನಲ್ಲಿ ಇರುತ್ತದೆ. ಆಂಟಿವೈರಸ್ ಹಾಕಿದರೂ ತೆಗೆದರೂ ಈ ಎರಡೂ ಕಡೆ ಏನೂ ಅಲುಗಾಡುವುದಿಲ್ಲ. ಮನೆ ಪತ್ರ ಕಪಾಟಿನಲ್ಲೇ ಭದ್ರವಾಗಿದೆ, ಕಪಾಟಿನ ಬಾಗಿಲಿಗೆ ಯಾರೋ ಅಡ್ಡ ನಿಂತಿದ್ದಾರೆ, ಅಷ್ಟೇ. ಅಡ್ಡ ನಿಂತವರು ಯಾರು ಅಂತ ಹುಡುಕಬೇಕು.

ಲೈಸೆನ್ಸ್ ನೋಡಿಕೊಳ್ಳುವ ಕೆಲಸ ‘ಸಾಫ್ಟ್‌ವೇರ್ ಪ್ರೊಟೆಕ್ಷನ್’ ಅನ್ನುವ ಸರ್ವಿಸ್‌ನದು, ಅಂದರೆ ಹಿನ್ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂನದು. ಎಸ್‌ಪಿಪಿಎಸ್‌ವಿಸಿ ಅಂತ ಚಿಕ್ಕ ಹೆಸರು. ಇದು ಅಡ್ಮಿನ್ ಆಗಿ ಓಡುವುದಿಲ್ಲ, ನೆಟ್‌ವರ್ಕ್ ಸರ್ವಿಸ್ ಅನ್ನುವ ಕಡಿಮೆ ಅಧಿಕಾರದ ಖಾತೆಯಲ್ಲಿ ಓಡುತ್ತದೆ. ಸಿಸ್ಟಮ್32 ಒಳಗಿನ ಎಸ್‌ಪಿಪಿ ಫೋಲ್ಡರಿನಲ್ಲಿ ತನ್ನ ಕಡತ ಇಟ್ಟುಕೊಂಡಿರುತ್ತದೆ. ಆ ಕಡತ ಓದಲು ಬಿಡದಿದ್ದರೆ, ನೆಟ್‌ನಲ್ಲಿ ಸರ್ವರ್ ಜೊತೆ ಮಾತಾಡಲು ಬಿಡದಿದ್ದರೆ, ಪಾಪ ಅದು ಏನು ಹೇಳಬೇಕು? ‘ಗೊತ್ತಾಗುತ್ತಿಲ್ಲ’ ಅನ್ನುತ್ತದೆ. ನಮ್ಮ ಕಣ್ಣಿಗೆ ಅದು ‘ಲೈಸೆನ್ಸ್ ಇಲ್ಲ’ ಅಂತ ಕಾಣುತ್ತದೆ. ಇನ್ನೊಂದು ಮಾತು: ಸರ್ವಿಸಸ್ ಪಟ್ಟಿಯಲ್ಲಿ ಇದು ನಿಂತಿರುವುದು ಕಂಡರೆ ಗಾಬರಿ ಬೇಡ. ಕೆಲಸ ಇಲ್ಲದಾಗ ತಾನೇ ನಿಲ್ಲುತ್ತದೆ. ‘ಡಿಸೇಬಲ್ಡ್’ ಅಂತ ಇದ್ದರೆ ಮಾತ್ರ ಯೋಚಿಸಿ. ಕೆಲವು ಆಂಟಿವೈರಸ್ ಪ್ಯಾಕೇಜಿನ ಜೊತೆ ‘ಪಿಸಿ ವೇಗ ಹೆಚ್ಚಿಸಿ’ ಅನ್ನುವ ಬಟನ್ ಬರುತ್ತದಲ್ಲ, ಅದನ್ನು ಒತ್ತಿದವರ ಮನೆಯಲ್ಲಿ ಇಂಥದ್ದು ಆಗುತ್ತದೆ. ಆ ಬಟನ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ.

ಇದು ಇವತ್ತಿನ ಜಗಳವೂ ಅಲ್ಲ. 2007ರಲ್ಲಿ ವಿಸ್ತಾ ಬಂದಾಗ ಸಿ004ಡಿ401 ಅಂತ ಒಂದು ಕೋಡ್ ಜನರನ್ನು ಗೋಳಾಡಿಸಿತ್ತು. ಸಿಸ್ಟಮ್ ಫೈಲ್ ಹೊಂದಿಕೆ ಆಗುತ್ತಿಲ್ಲ ಅಂತ ಅದರ ಅರ್ಥ. ಕೆಲವು ಪ್ರೋಗ್ರಾಂಗಳು ವಿಂಡೋಸ್ ಒಳಗೆ ಆಳವಾಗಿ ಕೈಹಾಕುತ್ತಿದ್ದವು, ವಿಸ್ತಾ ಅದನ್ನು ಕಂಡು ಯಾರೋ ನನ್ನನ್ನು ತಿದ್ದಿದ್ದಾರೆ ಅಂತ ಕೂಗುತ್ತಿತ್ತು. ಆಗ ಶಿಕ್ಷೆಯೂ ಜೋರು. ಬ್ರೌಸರ್ ಮಾತ್ರ ತೆರೆಯಲು ಬಿಟ್ಟು, ಒಂದು ಗಂಟೆ ಆದಮೇಲೆ ಹೊರಗೆ ಹಾಕುತ್ತಿತ್ತು. 2008ರ ಸರ್ವಿಸ್ ಪ್ಯಾಕ್ 1ರಲ್ಲಿ ಆ ಶಿಕ್ಷೆ ತೆಗೆದರು. ಈಗಿನ ಮೂಲೆ ಅಕ್ಷರ ಅದರ ಮುಂದೆ ಏನೂ ಅಲ್ಲ.

ಸರಿ, ಭಾವನ ಲ್ಯಾಪ್‌ಟಾಪ್‌ಗೆ ಬರೋಣ. ಅವರು ಹಳೇ ಆಂಟಿವೈರಸ್ ತೆಗೆದದ್ದು ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿ. ಎಲ್ಲರೂ ಮಾಡುವುದೇ ಅದು. ಆದರೆ ಆಂಟಿವೈರಸ್ ಬೇರೆ ಪ್ರೋಗ್ರಾಂ ಥರ ಅಲ್ಲ. ಅದರ ಒಂದು ಡ್ರೈವರ್ ಕರ್ನಲ್ ಮಟ್ಟದಲ್ಲಿ, ಅಂದರೆ ವಿಂಡೋಸ್‌ನ ಒಳತಿರುಳಿನಲ್ಲಿ ಕೂತು, ಯಾರು ಯಾವ ಫೈಲ್ ತೆರೆದರೂ ನಡುವೆ ತಡೆದು ನೋಡುತ್ತದೆ. ಇದಕ್ಕೆ ಫಿಲ್ಟರ್ ಡ್ರೈವರ್ ಅನ್ನುತ್ತಾರೆ. ಮೇಲಿನ ಪ್ರೋಗ್ರಾಂ ಹೋದರೂ ಕೆಲವೊಮ್ಮೆ ಈ ಡ್ರೈವರ್ ಉಳಿದುಬಿಡುತ್ತದೆ.

ಉಳಿದಿದೆಯಾ ಅಂತ ನೋಡುವುದು ಸುಲಭ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಫ್‌ಎಲ್‌ಟಿಎಂಸಿ’ ಅಂತ ಟೈಪ್ ಮಾಡಿ. ಫಿಲ್ಟರ್‌ಗಳ ಪಟ್ಟಿ ಬರುತ್ತದೆ. ‘ಆಲ್ಟಿಟ್ಯೂಡ್’ ಅನ್ನುವ ಕಾಲಂ ನೋಡಿ. 320000ದಿಂದ ಶುರುವಾಗಿ 330000ಕ್ಕಿಂತ ಕೆಳಗಿನ ನಂಬರ್‌ಗಳು ಆಂಟಿವೈರಸ್‌ಗಳಿಗೆ ಮೀಸಲು. ವಿಂಡೋಸ್ ಜೊತೆಗೇ ಬರುವ ಡಿಫೆಂಡರಿನ ಡಬ್ಲ್ಯುಡಿಫಿಲ್ಟರ್ 328010ರಲ್ಲಿ ಇರುತ್ತದೆ. ಅದು ಇದ್ದರೆ ಸರಿಯೇ. ಭಾವನ ಪಟ್ಟಿಯಲ್ಲಿ ಅದೇ ಸಾಲಿನ ನಂಬರ್‌ಗಳಲ್ಲಿ ಇನ್ನೂ ಎರಡು ಕಂಪನಿಗಳ ಹೆಸರಿದ್ದವು. ಒಂದು ಹೊಸದು. ಇನ್ನೊಂದು, ತೆಗೆದೆ ಅಂತ ಅವರು ಹೇಳಿದ್ದ ಹಳೆಯದು. ಒಂದೇ ಫೈಲನ್ನು ಇಬ್ಬರು ಕಾವಲುಗಾರರು ಹಿಡಿದು ಎಳೆದಾಡುತ್ತಿದ್ದರು.

ದೊಡ್ಡ ಆಂಟಿವೈರಸ್ ಕಂಪನಿಗಳು ಇದಕ್ಕೆಂದೇ ‘ರಿಮೂವಲ್ ಟೂಲ್’ ಕೊಡುತ್ತವೆ. ಅವರದೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಭಾವನ ಕೈಲಿ ಮೊದಲು ಹೊಸದನ್ನೂ ತೆಗೆಸಿದೆ. ಬರಿಗೈಯಲ್ಲಿ ಇರಬೇಕಾ ಅಂತ ಅವರಿಗೆ ಭಯ. ಇಲ್ಲ, ಬೇರೆ ಆಂಟಿವೈರಸ್ ಇಲ್ಲ ಅಂತ ಗೊತ್ತಾದ ಕೂಡಲೇ ಡಿಫೆಂಡರ್ ತಾನಾಗಿ ಎದ್ದು ಕೂರುತ್ತದೆ. ಆಮೇಲೆ ಸೇಫ್ ಮೋಡ್‌ಗೆ (ಬೇಕೇಬೇಕಾದಷ್ಟು ಮಾತ್ರ ತೆರೆದು ವಿಂಡೋಸ್ ಶುರುವಾಗುವ ರೀತಿ) ಹೋಗಿ ಹಳೆಯದರ ರಿಮೂವಲ್ ಟೂಲ್ ಓಡಿಸಿ, ರೀಸ್ಟಾರ್ಟ್. ಫಿಲ್ಟರ್ ಪಟ್ಟಿ ಚೊಕ್ಕಟವಾಯಿತು.

ಕೋಡ್ ಮಾತ್ರ ಹೋಗಲಿಲ್ಲ. ಇಲ್ಲಿ ಜನ ಕೈಚೆಲ್ಲುತ್ತಾರೆ. ಅಡ್ಡ ನಿಂತವನನ್ನು ಸರಿಸಿದೆವು, ಆದರೆ ಅವನು ಕಿತ್ತಾಡುವಾಗ ಹಾಳಾದದ್ದನ್ನು ಇನ್ನೂ ರಿಪೇರಿ ಮಾಡಿಲ್ಲ ಅಲ್ವಾ? ಅದೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ‘ಡಿಐಎಸ್‌ಎಂ’ ಕಮಾಂಡನ್ನು ‘ರಿಸ್ಟೋರ್‌ಹೆಲ್ತ್’ ಜೊತೆ ಓಡಿಸಿ, ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ’ಗೆ ‘ಸ್ಕ್ಯಾನ್‌ನೌ’ ಸೇರಿಸಿ ಓಡಿಸಿ. ಈ ಕ್ರಮಕ್ಕೆ ಕಾರಣ ಇದೆ. ಎಸ್‌ಎಫ್‌ಸಿ ಹಾಳಾದ ಫೈಲ್ ಬದಲಿಗೆ ಒಳ್ಳೆಯ ಪ್ರತಿ ಹಾಕುವುದು ವಿಂಡೋಸ್ ತನ್ನಲ್ಲೇ ಇಟ್ಟುಕೊಂಡ ದಾಸ್ತಾನಿನಿಂದ. ದಾಸ್ತಾನೇ ಕೆಟ್ಟಿದ್ದರೆ? ಅದನ್ನು ಸರಿ ಮಾಡುವುದು ಡಿಐಎಸ್‌ಎಂ. ಮಧ್ಯೆ ಶೇಕಡಾ ಲೆಕ್ಕ ಒಂದೇ ಕಡೆ ನಿಂತಂತೆ ಕಾಣುತ್ತದೆ. ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.

ಭಾವನ ಲ್ಯಾಪ್‌ಟಾಪ್‌ನಲ್ಲಿ ಹಾಳಾದ ಫೈಲ್ ಸಿಕ್ಕವು, ರಿಪೇರಿಯೂ ಆಯಿತು. ಆಮೇಲೆ ಅಲ್ಲೇ ಲೈಸೆನ್ಸ್ ಕಮಾಂಡ್ ಆದ ‘ಎಸ್‌ಎಲ್‌ಎಂಜಿಆರ್’ ಬರೆದು ಒಂದು ಜಾಗ ಬಿಟ್ಟು ಸ್ಲ್ಯಾಶ್, ‘ಎಟಿಒ’. ಎಂಟರ್. ಆಕ್ಟಿವೇಟ್ ಆಯಿತು. ಹೊಸ ಕೀ ಬೇಕಾಗಲಿಲ್ಲ. ಹೊಸ ಆಂಟಿವೈರಸ್ ಮತ್ತೆ ಹಾಕಿಕೊಂಡರು, ಏನೂ ತೊಂದರೆ ಆಗಲಿಲ್ಲ.

ಎಲ್ಲರ ಕಥೆ ಇದೇ ಆಗಿರುವುದಿಲ್ಲ. 80072ಎಫ್8ಎಫ್ ಬಂದರೆ ನೆಟ್ ಕಡೆ ನೋಡಿ. ಮೊದಲು ಕಂಪ್ಯೂಟರಿನ ದಿನಾಂಕ, ಟೈಮ್ ಸರಿ ಇದೆಯಾ ಅಂತ ನೋಡಬೇಕು. ಸರಿ ಇದ್ದರೆ ಅನುಮಾನ ಹೊಸ ಆಂಟಿವೈರಸ್ ಮೇಲೆ. ಎನ್‌ಕ್ರಿಪ್ಟ್ ಆದ ಸಂಪರ್ಕವನ್ನೂ ಬಿಚ್ಚಿ ನೋಡುವ ಸೌಲಭ್ಯ ಈಗ ತುಂಬಾ ಆಂಟಿವೈರಸ್‌ಗಳಲ್ಲಿ ಇದೆ. ಅದಕ್ಕಾಗಿ ಅದು ನಡುವೆ ನಿಂತು, ಸರ್ವರಿನ ಸರ್ಟಿಫಿಕೇಟ್ (ಅದರ ಗುರುತಿನ ಚೀಟಿ) ಬದಲು ತನ್ನದೇ ಒಂದನ್ನು ತೋರಿಸುತ್ತದೆ. ಬ್ರೌಸರ್ ಒಪ್ಪಿಕೊಂಡರೂ ಆಕ್ಟಿವೇಶನ್ ಒಪ್ಪದೇ ಇರಬಹುದು. ಆ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಐದು ನಿಮಿಷ ಆಫ್ ಮಾಡಿ, ಆಕ್ಟಿವೇಟ್ ಮಾಡಿ, ಮತ್ತೆ ಆನ್ ಮಾಡಿ. 80070005 ಬಂದರೆ ಅನುಮತಿ ಸಿಗುತ್ತಿಲ್ಲ ಅಂತ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದಿದ್ದೀರಾ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಆಫೀಸ್ ಲ್ಯಾಪ್‌ಟಾಪ್ ಆದರೆ ಸಿ004ಎಫ್074 ಬರುವುದು ಜಾಸ್ತಿ. ಅಂಥ ಕಡೆ ವಿಂಡೋಸ್ ಆಕ್ಟಿವೇಟ್ ಆಗುವುದು ಸಂಸ್ಥೆಯದೇ ಒಂದು ಕೆಎಂಎಸ್ ಸರ್ವರ್‌ನಿಂದ (ಒಳಗಿನ ಎಲ್ಲ ಕಂಪ್ಯೂಟರ್‌ಗಳನ್ನೂ ಆಕ್ಟಿವೇಟ್ ಮಾಡುವ ಸರ್ವರ್). ಆ ಮಾತುಕತೆ 1688ನೇ ಪೋರ್ಟಿನಲ್ಲಿ ನಡೆಯುತ್ತದೆ. ಹೊಸ ಆಂಟಿವೈರಸ್ ಜೊತೆ ಬಂದ ಫೈರ್‌ವಾಲ್ ಅದನ್ನು ಮುಚ್ಚಿದರೂ ಅವತ್ತೇ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಆಕ್ಟಿವೇಟ್ ಆದರೆ 180 ದಿನ ನಡೆಯುತ್ತದೆ, 7 ದಿನಕ್ಕೊಮ್ಮೆ ನವೀಕರಿಸಲು ಯತ್ನಿಸುತ್ತಾ ಇರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಆದಮೇಲೆ ಕೋಡ್ ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ಆಂಟಿವೈರಸ್ ಬದಲಿಸಿದ್ದು ಯಾರಿಗೆ ನೆನಪಿರುತ್ತೆ? ಇದನ್ನು ನೀವು ಮುಟ್ಟಬೇಡಿ, ಐಟಿಯವರಿಗೆ ಪೋರ್ಟ್ ನಂಬರ್ ಸಮೇತ ಹೇಳಿ.

ಇದರ ಉಲ್ಟಾ ಕೂಡ ಆಗುತ್ತದೆ. ಆಂಟಿವೈರಸ್ ತಪ್ಪೇ ಇಲ್ಲದೆ, ಅವತ್ತೇ ಬದಲಿಸಿದ್ದಕ್ಕೆ ಬೈಗುಳ ತಿನ್ನುತ್ತದೆ. 2018ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸರ್ವರ್ ಕಡೆಯ ತೊಂದರೆಯಿಂದ ಎಷ್ಟೋ ವಿಂಡೋಸ್ 10 ಪ್ರೊ ಕಂಪ್ಯೂಟರ್‌ಗಳು ಇದ್ದಕ್ಕಿದ್ದಂತೆ ಆಕ್ಟಿವೇಶನ್ ಕಳೆದುಕೊಂಡವು. 2019ರ ಜನವರಿಯಲ್ಲಿ ಕೆಎಂಎಸ್ ಬಳಸುವ ವಿಂಡೋಸ್ 7 ಕಂಪ್ಯೂಟರ್‌ಗಳಿಗೆ ‘ಅಸಲಿ ಅಲ್ಲ’ ಅನ್ನುವ ಸಂದೇಶ ಬಂತು. ಜನ ಅದೇ ದಿನ ಬಂದ ಅಪ್‌ಡೇಟನ್ನು ಬೈದರು. ಕಾರಣ ಸರ್ವರಿನಲ್ಲಿ ಮಾಡಿದ ಬದಲಾವಣೆ ಅಂತ ಆಮೇಲೆ ತಿಳಿಯಿತು. ಎಲ್ಲ ಸರಿ ಇದ್ದೂ ಕೋಡ್ ಹೋಗದಿದ್ದರೆ ಒಂದು ದಿನ ಸುಮ್ನೆ ಬಿಟ್ಟು ನೋಡುವುದೂ ಒಂದು ಮದ್ದೇ.

‘ಎಸ್‌ಎಲ್‌ಎಂಜಿಆರ್’ಗೆ ‘ರೀಆರ್ಮ್’ ಸೇರಿಸಿ ಒತ್ತಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ನನಗೆ ಅದು ಇಷ್ಟ ಇಲ್ಲ. ಅದು ಕಾಯುವ ಅವಧಿಯನ್ನು ಮತ್ತೆ ಮೊದಲಿಂದ ಶುರು ಮಾಡುತ್ತದೆ, ರೋಗ ಹಾಗೇ ಇರುತ್ತದೆ. ಮೇಲಾಗಿ ಎಷ್ಟು ಸಲ ಒತ್ತಬಹುದು ಅನ್ನುವುದಕ್ಕೂ ಮಿತಿ ಇದೆ.

ಅದರ ಬದಲು ‘ಡಿಎಲ್‌ವಿ’ ಸೇರಿಸಿ ಒತ್ತಿ. ಬರುವ ಕಿಟಕಿಯಲ್ಲಿ ಲೈಸೆನ್ಸ್ ಯಾವ ಜಾತಿಯದು ಅಂತ ಇರುತ್ತದೆ. ‘ರಿಟೇಲ್’ ಅಂದರೆ ಬಿಡಿಯಾಗಿ ಕೊಂಡದ್ದು. ‘ಒಇಎಂ ಡಿಎಂ’ ಅಂದರೆ ಯಂತ್ರದ ಜೊತೆ ಬಂದದ್ದು. ಮನೆಯ ಕಂಪ್ಯೂಟರಿನಲ್ಲಿ ಸಂಸ್ಥೆಗಳಿಗೆ ಕೊಡುವ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಅಂತ ಕಂಡರೆ ನನಗೆ ಅನುಮಾನ ಶುರು.

ಗೆಳತಿಯ ಅಣ್ಣನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇದೇ ಕಂಡಿತು. ಅವರದೂ ಅದೇ ದೂರು, ಹೊಸ ಆಂಟಿವೈರಸ್ ಹಾಕಿದ ಮೇಲೆ ವಿಂಡೋಸ್ ಕೆಟ್ಟಿತು ಅಂತ. ಆಂಟಿವೈರಸ್‌ನ ಕ್ವಾರಂಟೈನ್, ಅಂದರೆ ಹಿಡಿದ ಫೈಲ್ ಕೂಡಿಹಾಕುವ ಜಾಗ, ತೆರೆದೆವು. ‘ಹ್ಯಾಕ್‌ಟೂಲ್’ ಅಂತ ಶುರುವಾಗಿ ‘ಆಟೋಕೆಎಂಎಸ್’ ಅಂತ ಮುಗಿಯುವ ಹೆಸರು ಕೂತಿತ್ತು. ಅವರಿಗೆ ಮಾರಿದವರು ನಕಲಿ ಕೆಎಂಎಸ್ ಸರ್ವರನ್ನು ಯಂತ್ರದೊಳಗೇ ಕೂರಿಸಿದ್ದರು. ಹಳೇ ಆಂಟಿವೈರಸ್‌ನಲ್ಲಿ ಆ ಫೋಲ್ಡರ್ ನೋಡಬೇಡ ಅಂತ ವಿನಾಯಿತಿ ಬರೆದಿಟ್ಟಿದ್ದರು. ಹೊಸದಕ್ಕೆ ಆ ವಿನಾಯಿತಿ ಗೊತ್ತಿಲ್ಲ, ಹಿಡಿದು ಹಾಕಿತು.

“ಇಲ್ಲೂ ಅದೇ ಥರ ಬಿಡು ಅಂತ ಹೇಳಿದ್ರೆ ಆಗಲ್ವಾ?” ಅಂತ ಕೇಳಿದರು.

“ಆಗುತ್ತೆ ಅಣ್ಣ. ಅದರ ಜೊತೆ ಇನ್ನೇನು ಬಂದಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ಕಮಾಂಡ್ ಕೊಡುವ ಇನ್ನೊಂದು ಕಿಟಕಿ ಪವರ್‌ಶೆಲ್‌ನಲ್ಲಿ ಫರ್ಮ್‌ವೇರ್ ಕೀಯ ವಿವರ ಕೇಳಿದೆ. ‘ಕೋರ್ ಒಇಎಂ ಡಿಎಂ’ ಅಂತ ಬಂತು. ವಿಂಡೋಸ್ ಹೋಮ್ ಆವೃತ್ತಿಗೆ ಮೈಕ್ರೋಸಾಫ್ಟ್ ಒಳಗಿನವರು ಇಟ್ಟಿರುವ ಹೆಸರು ಕೋರ್. ಅಂದರೆ ಆ ಲ್ಯಾಪ್‌ಟಾಪ್‌ಗೆ ಹೋಮ್‌ನ ಅಸಲಿ ಲೈಸೆನ್ಸ್ ಮೊದಲಿನಿಂದಲೂ ಇತ್ತು. ಅದರ ಮೇಲೆ ಯಾರೋ ಹೆಚ್ಚು ಸೌಲಭ್ಯದ ಪ್ರೊ ಆವೃತ್ತಿ ಹಾಕಿ, ಅದಕ್ಕೆ ನಕಲಿ ಆಕ್ಟಿವೇಶನ್ ಮೆತ್ತಿದ್ದರು. ಪ್ರೊದಿಂದ ಹೋಮ್‌ಗೆ ಸುಮ್ನೆ ಇಳಿಯಲು ಬರುವುದಿಲ್ಲ. ಇಲ್ಲಿ ಮಾತ್ರ ಫಾರ್ಮ್ಯಾಟ್ ಮಾಡಲೇಬೇಕಾಯಿತು. ಫೈಲುಗಳ ಬ್ಯಾಕಪ್ ತೆಗೆದುಕೊಂಡು ಹೋಮ್ ಹಾಕಿದೆವು. ಕೀ ಕೇಳಲೇ ಇಲ್ಲ. ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಯಿತು. ಪ್ರೊದಲ್ಲಿದ್ದ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹೋಯಿತಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರು. ಪ್ರೊ ಇದ್ದಷ್ಟು ದಿನ ಅದನ್ನು ಆನ್ ಮಾಡಿದ್ದೇ ಇಲ್ಲ ಅನ್ನುವುದು ಬೇರೆ ಮಾತು.