ಮಣಿಸರ

ಬೆಳಿಗ್ಗೆ ಮಗಳ ಮಣಿಸರ ಹರಿದುಹೋಯಿತು. ಮಣಿಗಳೆಲ್ಲ ಟಣಟಣ ಅಂತ ಮಂಚದಡಿ, ಬೀರು ಸಂದಿ, ಎಲ್ಲೆಲ್ಲೋ ಉರುಳಿದವು. ಬಗ್ಗಿ ಆರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಊಬರ್ಲಿಂಗನ್ ನೆನಪಾಯಿತು.

ಜರ್ಮನಿಯ ಊರು ಅದು, ಸರೋವರದ ದಂಡೆಯಲ್ಲಿದೆ. 2002ರ ಜುಲೈ 1ರ ರಾತ್ರಿ ಅದರ ಮೇಲಿನ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದವು. 71 ಜನ ಹೋದರು. ಹೆಚ್ಚಿನವರು ರಷ್ಯಾದ ಉಫಾದಿಂದ ರಜೆಗೆ ಅಂತ ಸ್ಪೇನ್‌ಗೆ ಹೊರಟಿದ್ದ ಮಕ್ಕಳು.

ಆ ಆಕಾಶದ ವಿಮಾನಗಳಿಗೆ ದಾರಿ ಹೇಳುತ್ತಿದ್ದ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕಂಟ್ರೋಲ್ ರೂಮಿನಲ್ಲಿ ಆ ಹೊತ್ತಿಗೆ ಒಬ್ಬನೇ ಮನುಷ್ಯ ಎರಡು ಪರದೆ ನೋಡಿಕೊಳ್ಳುತ್ತಿದ್ದ. ಜೊತೆಗಿದ್ದವರು ವಿಶ್ರಾಂತಿಗೆ ಹೋಗಿದ್ದರು. ಫೋನ್ ಲೈನು ರಿಪೇರಿಯಲ್ಲಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆ ಕಂಟ್ರೋಲ್ ರೂಮಿನವರು ಅಪಾಯ ಕಂಡು ಮತ್ತೆ ಮತ್ತೆ ಫೋನ್ ಮಾಡಿದರು, ತಾಗಲೇ ಇಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಮಕ್ಕಳಿದ್ದ ವಿಮಾನದೊಳಗಿನ, ಡಿಕ್ಕಿಯಾಗದಂತೆ ಎಚ್ಚರಿಸುವ ಯಂತ್ರ 'ಮೇಲೇರಿ' ಅಂದಿತು. ಕೆಳಗಿನಿಂದ ಜ್ಯೂರಿಕ್‌ನ ಆ ಮನುಷ್ಯ 'ಇಳಿಯಿರಿ' ಅಂದ. ಪೈಲಟ್‌ಗಳು ಮನುಷ್ಯನ ಮಾತು ನಂಬಿದರು. ನಂಬೋದೇ ಸಹಜ ಅಲ್ವಾ? ಆ ಕಡೆಯ ಸರಕು ವಿಮಾನವೂ ತನ್ನ ಯಂತ್ರದ ಮಾತು ಕೇಳಿ ಇಳಿಯುತ್ತಿತ್ತು.

ಒಬ್ಬನನ್ನೇ ಕೂರಿಸಿ, ಫೋನೂ ಕಿತ್ತುಕೊಂಡು, ಆಮೇಲೆ ತಪ್ಪೆಲ್ಲ ಅವನದೇ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಲ್ಲಿನ ಸ್ಮಾರಕ ಏನು ಗೊತ್ತಾ? ಹರಿದ ಮುತ್ತಿನ ಸರ. ದೊಡ್ಡ ದೊಡ್ಡ ಉಕ್ಕಿನ ಗುಂಡುಗಳು, ಹುಲ್ಲಿನ ಮೇಲೆ ಚೆಲ್ಲಿಕೊಂಡ ಹಾಗೆ.

ಮಗಳು ಒಂದೊಂದೇ ಮಣಿ ಎಣಿಸಿ ಡಬ್ಬಿಗೆ ಹಾಕುತ್ತಿದ್ದಳು. 'ಅಮ್ಮಾ, ಇನ್ನೂ ಎರಡು ಸಿಕ್ಕಿಲ್ಲ' ಅಂದಳು. ಟಾರ್ಚ್ ಹಿಡಿದು ಮತ್ತೆ ಮಂಚದಡಿ ಬಗ್ಗಿದೆ.