48 ಎಲೆಯ ಕರುತಾ: 31 ಮುಗೀತು, 17 ಬಾಕಿ

ಜೂನ್ 9

ಮಳೆ ಹಿಡಿದ ಮೇಲೆ ಭಾನುವಾರ ಎಲ್ಲೂ ಹೋಗೋ ಹಾಗಿಲ್ಲ. ಎರಡು ವರ್ಷದಿಂದ ತಲೆಯಲ್ಲಿದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದೆ. ಕೈಯಲ್ಲೇ ಬರೆದು ಬಣ್ಣ ಹಚ್ಚಿದ ಒಂದು ಕಟ್ಟು ಇಸ್ಪೀಟೆಲೆ. ವಿಷಯ: 1549ರಿಂದ 1614ರವರೆಗೆ ಜಪಾನಿನಲ್ಲಿದ್ದ ಕ್ಯಾಥೋಲಿಕ್ ಪಾದ್ರಿಗಳು.

ಇಸ್ಪೀಟೇ ಯಾಕೆ ಅಂದರೆ, ಜಪಾನಿಗೆ ಅದು ಹೋಗಿದ್ದೂ ಅದೇ ಕಾಲದ ಪೋರ್ಚುಗೀಸ್ ಹಡಗುಗಳಲ್ಲಿ. ಇಸ್ಪೀಟೆಲೆಗೆ ಪೋರ್ಚುಗೀಸರು ಹೇಳೋ ‘ಕಾರ್ತಾ’ ಅಲ್ಲಿ ‘ಕರುತಾ’ ಆಯಿತು. ಆಗಿನ ಕಟ್ಟಿನಲ್ಲಿ 48 ಎಲೆ. ಬಟ್ಟಲು, ನಾಣ್ಯ, ದೊಣ್ಣೆ, ಕತ್ತಿ ಅಂತ ನಾಲ್ಕು ಜಾತಿ, ಒಂದೊಂದರಲ್ಲೂ 12. ನಾನೂ ಅದೇ ಲೆಕ್ಕ ಇಟ್ಟುಕೊಂಡೆ. ಬಟ್ಟಲು ಅಂದರೆ ತಿಂಡಿ ತೀರ್ಥ. ನಾಣ್ಯ ಅಂದರೆ ವ್ಯಾಪಾರ, ವಸ್ತು. ದೊಣ್ಣೆ ಪಾದ್ರಿಗಳಿಗೆ, ಅವರ ಮಾತು ಪುಸ್ತಕಗಳಿಗೆ. ಕತ್ತಿ ದೊರೆಗಳಿಗೆ.

ಬಟ್ಟಲು ಬೇಗ ಮುಗೀತು. ಪೋರ್ಚುಗೀಸರ ಬ್ರೆಡ್ಡು ಪಾಂವ್, ಅಲ್ಲಿ ‘ಪಾನ್’, ನಮ್ಮಲ್ಲಿ ಪಾವ್. ಕಸುತೆರಾ ಕೇಕ್. ಕೊಂಪೇಯಿತೋ ಅನ್ನೋ ಮುಳ್ಳುಮುಳ್ಳು ಸಕ್ಕರೆ ಉಂಡೆ. 1569ರಲ್ಲಿ ಲೂಯಿಸ್ ಫ್ರೋಯಿಸ್ ಅನ್ನೋ ಪಾದ್ರಿ ಇದನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಓದಾ ನೊಬುನಾಗಾ ಅನ್ನೋ ದೊರೆಗೆ ಕೊಟ್ಟಿದ್ದರು. ಆ ಎಲೆ ಚೆನ್ನಾಗಿ ಬಂದಿದೆ. ಗಾಜಿಗೆ ಬಣ್ಣವೇ ಹಾಕಿಲ್ಲ, ಕಾಗದದ ಬಿಳಿ ಹಾಗೇ ಬಿಟ್ಟೆ.

ಜಪಾನಿ ಕಲಿಯುತ್ತಿರುವ ಗೆಳೆಯನೊಬ್ಬ ‘ಅರಿಗಾತೋ’ಗೂ (ಜಪಾನಿಯಲ್ಲಿ ಥ್ಯಾಂಕ್ಸ್) ಒಂದು ಎಲೆ ಮಾಡು, ಅದು ಪೋರ್ಚುಗೀಸರ ‘ಒಬ್ರಿಗಾದೋ’ದಿಂದ ಬಂದಿದ್ದು ಅಂತ ಹಠ ಹಿಡಿದ. ಮಾಡಲ್ಲ ಅಂದೆ. ಪೋರ್ಚುಗೀಸರು ಕಾಲಿಡೋ ಎಷ್ಟೋ ಶತಮಾನ ಮೊದಲೇ ಆ ಪದ ಜಪಾನಿಯಲ್ಲಿತ್ತು.

ಜೂನ್ 23

ಅಂಟಿನ ಗೋಳು. ಜಪಾನಿನ ಕರುತಾದಲ್ಲಿ ಹಿಂದಿನ ಕಾಗದವನ್ನು ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಅಂಚನ್ನು ಮುಂದಕ್ಕೆ ಮಡಚಿ ಅಂಟಿಸುತ್ತಾರೆ. ಸುತ್ತ ತೆಳ್ಳಗೆ ಚೌಕಟ್ಟು ಬರುತ್ತೆ, ಮೂಲೆ ಬೇಗ ಸವೆಯಲ್ಲ. ನಾನು ಮೈದಾ ಅಂಟು ಕಾಯಿಸಿ ಆರು ಎಲೆ ಮಾಡಿದೆ. ಬೆಳಿಗ್ಗೆ ನೋಡಿದರೆ ಆರೂ ಹಪ್ಪಳದ ಹಾಗೆ ಡೊಂಕಾಗಿವೆ. ಈ ತೇವದಲ್ಲಿ ಇನ್ನೇನಾಗುತ್ತೆ? ಈಗ ಅಂಟು ತೆಳು ಮಾಡಿ, ಎರಡು ಹಲಗೆ ಮಧ್ಯೆ ಇಟ್ಟು ಮೇಲೆ ಅಮ್ಮನ ಗುಂಡುಕಲ್ಲು ಹೇರುತ್ತಿದ್ದೇನೆ. ಎರಡು ದಿನ ಬೇಕು. ಅಮ್ಮ ದೋಸೆ ಹಿಟ್ಟನ್ನು ಮಿಕ್ಸಿಯಲ್ಲಿ ರುಬ್ಬುತ್ತಿದ್ದಾರೆ, ಗೊಣಗುತ್ತಲೂ ಇದ್ದಾರೆ.

ಜುಲೈ 7

ಎರಡು ವಾರ ಪೂರ್ತಿ ಒಂದೇ ಎಲೆಗೆ ಹೋಯ್ತು. ದೊಣ್ಣೆಯ ಎಕ್ಕ. ದೈನಿಚಿ.

ಜಪಾನಿನ ಕಾಗೋಶಿಮಾದ ಅಂಜಿರೋ ಅನ್ನೋನು ಕೊಲೆ ಮಾಡಿ ಊರು ಬಿಟ್ಟು ಓಡಿದವನು. ಮಲಾಕ್ಕಾದಲ್ಲಿ ಫ್ರಾನ್ಸಿಸ್ ಝೇವಿಯರ್ ಅನ್ನೋ ಪಾದ್ರಿ ಸಿಕ್ಕರು. 1548ರಲ್ಲಿ ಗೋವಾದಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಮರುವರ್ಷ ಆಗಸ್ಟ್ 15ಕ್ಕೆ ಝೇವಿಯರ್ ಕಾಗೋಶಿಮಾದಲ್ಲಿ ಇಳಿದಾಗ ದುಭಾಷಿ ಅವನೇ. ‘ದೇವರು’ ಅನ್ನೋದಕ್ಕೆ ಜಪಾನಿಯಲ್ಲಿ ಏನನ್ನಬೇಕು? ಅಂಜಿರೋ ‘ದೈನಿಚಿ’ ಅಂದ. ಅದು ಶಿಂಗೋನ್ ಅನ್ನೋ ಬೌದ್ಧ ಪಂಥದ ಬುದ್ಧ, ಸಂಸ್ಕೃತದಲ್ಲಿ ಮಹಾವೈರೋಚನ. ಝೇವಿಯರ್ ದೈನಿಚಿಯನ್ನು ಪೂಜಿಸಿ ಅಂತ ಸಾರಿಕೊಂಡು ಹೋದರೆ ಶಿಂಗೋನ್ ಸನ್ಯಾಸಿಗಳಿಗೆ ಖುಷಿಯೋ ಖುಷಿ. ನಮ್ಮವರೇ ಅಂದುಕೊಂಡರು. ಅಂದುಕೊಳ್ಳದೆ ಇನ್ನೇನು? ಬಂದವರು ಗೋವಾದಿಂದ. ಅಂದರೆ ತೆಂಜಿಕು, ಬುದ್ಧ ಹುಟ್ಟಿದ ದೇಶ. 1552ರಲ್ಲಿ ಯಮಾಗುಚಿಯ ದೊರೆ ಪಾದ್ರಿಗಳಿಗೆ ಜಾಗ ಕೊಟ್ಟ ಪತ್ರದಲ್ಲೂ ಇವರು ಬುದ್ಧಧರ್ಮ ಸಾರಲು ಬಂದವರು ಅಂತಲೇ ಇದೆ.

ಅಷ್ಟರಲ್ಲಿ ಝೇವಿಯರ್‌ಗೆ ತಪ್ಪು ಗೊತ್ತಾಗಿತ್ತು. ಯಮಾಗುಚಿಯಲ್ಲೇ ಸನ್ಯಾಸಿಗಳನ್ನು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದು) ಬಗ್ಗೆ ಕೇಳಿ ನೋಡಿದರು, ಅವರಿಗೆ ಅದರ ಗಂಧಗಾಳಿಯೇ ಇರಲಿಲ್ಲ. ತಕ್ಷಣ ಜೊತೆಗಿದ್ದ ಜುವಾನ್ ಫೆರ್ನಾಂಡಿಸ್ ಅವರನ್ನು ಬೀದಿಗೆ ಕಳಿಸಿ, ದೈನಿಚಿಗೆ ಕೈಮುಗಿಯಬೇಡಿ ಅಂತ ಕೂಗಿಸಿದರು. ಆಮೇಲಿಂದ ಲ್ಯಾಟಿನ್‌ನ ‘ದೇವುಸ್’ ಪದವನ್ನೇ ಬಳಸಿದರು. ವಿರೋಧಿಗಳು ಸುಮ್ನಿರ್ತಾರಾ? ಅದನ್ನು ‘ದೈ ಉಸೋ’ ಅಂತ ಎಳೆದು ಹೇಳಿ ನಕ್ಕರು. ಜಪಾನಿಯಲ್ಲಿ ಹಾಗಂದರೆ ದೊಡ್ಡ ಸುಳ್ಳು.

ಇಷ್ಟೆಲ್ಲಾ ಒಂದು ಅಂಗೈ ಅಗಲದ ಎಲೆಯಲ್ಲಿ ಹೇಗೆ ತೋರಿಸೋದು? ಮುಖ ಬಿಟ್ಟು ಕೈ ಮಾತ್ರ ಬರೆದೆ. ದೈನಿಚಿಯ ಮುದ್ರೆಯಲ್ಲಿ ಎಡಗೈ ತೋರುಬೆರಳು ಮೇಲಕ್ಕೆ, ಅದನ್ನು ಬಲಮುಷ್ಟಿ ಹಿಡಿದಿರುತ್ತೆ. ಫೋನನ್ನು ಡಬ್ಬಿಗೆ ಒರಗಿಸಿ, ನನ್ನ ಕೈಯದೇ ಫೋಟೋ ತೆಗೆದು ನೋಡಿಕೊಂಡು ಬರೆದೆ. ಬಣ್ಣ ಒಣಗಿದ ಮೇಲೆ ಗೊತ್ತಾಯ್ತು, ಮುಂದಿನ ಕ್ಯಾಮೆರಾ ಎಡಬಲ ಅದಲುಬದಲು ಮಾಡಿದೆ. ಅಂಜಿರೋ ಮೇಲಿದ್ದ ಸಿಟ್ಟು ಅಲ್ಲೇ ಇಳೀತು. ಎರಡನೇ ಸಲ ಸರಿ ಬಂತು. ಕೆಟ್ಟ ಎಲೆ ಎಸೆದಿಲ್ಲ, ಜೋಕರ್ ಆಗಿ ಇಟ್ಟುಕೊಂಡಿದ್ದೇನೆ.

ಜುಲೈ 21

ದೊಣ್ಣೆ ಮುಗೀತು. ಅದರಲ್ಲಿ ಮೂರು ಎಲೆ ಫ್ರೋಯಿಸ್‌ಗೇ ಹೋದವು. ಅವರು 1585ರಲ್ಲಿ ಯುರೋಪಿನ ಪದ್ಧತಿ ಹೀಗೆ, ಜಪಾನಿನದು ಹಾಗೆ ಅಂತ 600ಕ್ಕೂ ಜಾಸ್ತಿ ಹೋಲಿಕೆ ಬರೆದಿಟ್ಟಿದ್ದಾರೆ. ನಾವು ಕುದುರೆ ಹತ್ತುವಾಗ ಮೊದಲು ಎಡಗಾಲು, ಅವರು ಬಲಗಾಲು. ನಮ್ಮ ಸೂತಕದ ಬಣ್ಣ ಕಪ್ಪು, ಅವರದು ಬಿಳಿ. ನಾವು ಕೈಯಲ್ಲಿ ಊಟ ಮಾಡುತ್ತೇವೆ, ಅವರು ಎರಡು ಕಡ್ಡಿಯಲ್ಲಿ. ಕೈಯಲ್ಲಿ ಉಣ್ಣೋ ‘ನಾವು’ ಅಲ್ಲಿ ಯುರೋಪಿನವರು, ನೆನಪಿರಲಿ!

ವಲಿನ್ಯಾನೋ ಎಲೆ ಕೂಡ ನನಗಿಷ್ಟ. 1579ರಲ್ಲಿ ಬಂದ ಈ ಮೇಲಧಿಕಾರಿ, ಪಾದ್ರಿಗಳು ಜಪಾನಿ ಮರ್ಯಾದೆ ಕಲಿಯಲೇಬೇಕು, ಅವರ ಪ್ರತಿ ಮನೆಯಲ್ಲೂ ಅತಿಥಿಗೆ ಚಹಾ ಕೊಡೋ ಜಾಗ ಇರಬೇಕು ಅಂದರು. ಅಲ್ಲಿ ಮೊದಲೇ ಇದ್ದ ಮುಖ್ಯಸ್ಥ ಕಬ್ರಾಲ್‌ಗೆ ಇದು ಸುತರಾಂ ಹಿಡಿಸಲಿಲ್ಲ. ಕಡೆಗೆ ಹುದ್ದೆ ಬಿಟ್ಟಿದ್ದು ಕಬ್ರಾಲ್. ಎಲೆಯಲ್ಲಿ ಒಂದು ಚಹಾ ಬಟ್ಟಲು ಮಾತ್ರ ಇದೆ. ಬಟ್ಟಲು ಜಾತಿಗೆ ಸೇರಿಸಬೇಕಿತ್ತೇನೋ, ಬದಲಾಯಿಸಲ್ಲ.

ನಾಣ್ಯದಲ್ಲಿ ಏಳಾಗಿದೆ. ಅದರಲ್ಲೊಂದು ಅಚ್ಚಿನ ಯಂತ್ರ. ಯುರೋಪಿಗೆ ಹೋಗಿದ್ದ ನಾಲ್ವರು ಜಪಾನಿ ಹುಡುಗರ ಜೊತೆ ಅದು 1590ರಲ್ಲಿ ಜಪಾನ್ ತಲುಪಿತು. ದಾರಿಯಲ್ಲಿ ಗೋವಾದಲ್ಲಿ, ಅವರಲ್ಲೊಬ್ಬನಾದ ಹರಾ ಮಾರ್ಟಿನೋನ ಲ್ಯಾಟಿನ್ ಭಾಷಣ 1588ರಲ್ಲಿ ಅಚ್ಚಾಯಿತು. ಆಮೇಲೆ ಅಮಾಕುಸಾದಲ್ಲಿ ಈಸೋಪನ ಕತೆಗಳು ಜಪಾನಿಯಲ್ಲಿ, ಆದರೆ ರೋಮನ್ ಅಕ್ಷರದಲ್ಲಿ ಬಂದವು.

ಬಾಕಿ ಇರೋದು ಐದು ನಾಣ್ಯ, ಹನ್ನೆರಡು ಕತ್ತಿ. ಕತ್ತಿಗಳನ್ನು ಬೇಕಂತಲೇ ಕೊನೆಗಿಟ್ಟಿದ್ದೇನೆ. 1587ರಲ್ಲಿ ಜಪಾನ್ ಆಳುತ್ತಿದ್ದ ಹಿದೆಯೋಶಿ ಪಾದ್ರಿಗಳಿಗೆ ದೇಶ ಬಿಡಿ ಅಂದಿದ್ದು, 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಜನ ಕ್ರೈಸ್ತರನ್ನು ಶಿಲುಬೆಗೇರಿಸಿದ್ದು, 1614ರಲ್ಲಿ ಕ್ರೈಸ್ತಧರ್ಮಕ್ಕೇ ಬಿದ್ದ ನಿಷೇಧ. ಆ 26 ಜನರಲ್ಲಿ ಗೊನ್ಸಾಲೋ ಗಾರ್ಸಿಯಾ ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದವರು. ಅವರದೊಂದು ಬೇರೆ ಎಲೆ. ಶಿಲುಬೆ ಬರೆಯೋ ಮನಸ್ಸಿಲ್ಲ. ಬೆಟ್ಟದ ಇಳಿಜಾರು, ಕೆಳಗೆ ಬಂದರು, ಅಷ್ಟೇ ಗೀಚಿಟ್ಟಿದ್ದೇನೆ.

ನಾಳೆ ಅಂಗಡಿಗೆ ಹೋಗಿ ಕಪ್ಪು ಕಾಗದ ತರಬೇಕು, ಹಿಂಬದಿಗೆ. ಗುಂಡುಕಲ್ಲು ಶುಕ್ರವಾರದೊಳಗೆ ವಾಪಸ್ ಕೊಡಬೇಕಂತೆ.